ನಿಂತ ರಾಶಿಗೊಂದು, ಓಡುವ ಟ್ರೇಲರ್‌ಗೊಂದು

ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳದ ಒಕ್ಕಣೆಗೂ ಚಿತ್ತೆ, ಸ್ವಾತಿ ಮಳೆಗಳಿಗೂ ಹಳೆಯ ಜಗಳ. ಜೂನ್‌ನಲ್ಲಿ ಬಿತ್ತಿದ್ದು ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೈಗೆ ಬರುತ್ತದೆ, ಆ ದಿನಗಳಲ್ಲೇ ಸಂಜೆಯಾದರೆ ಮೋಡ ಕಟ್ಟುತ್ತದೆ. ಹೀಗಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕುಗಳಲ್ಲಿ ತಾಡಪಾಲು ಇಲ್ಲದ ರೈತರ ಮನೆ ಹುಡುಕಿದರೂ ಸಿಗುವುದು ಕಷ್ಟ. ಆದರೆ ಆ ತಾಡಪಾಲನ್ನು ಆರಿಸುವ ಬಗೆಯಲ್ಲಿ ಒಂದು ಎಡವಟ್ಟಿದೆ. ಅಂಗಡಿಗೆ ಹೋದವರು ಕೇಳುವುದು ಎರಡೇ ಪ್ರಶ್ನೆ: ದಪ್ಪ ಎಷ್ಟು, ರೇಟು ಎಷ್ಟು. ಕಣದಲ್ಲಿ ನಿಂತ ರಾಶಿಗೆ ಹೊದಿಸುವುದಾದರೆ ಆ ಎರಡು ಪ್ರಶ್ನೆ ಹೆಚ್ಚುಕಡಿಮೆ ಸಾಕಾಗುತ್ತವೆ. ಅದೇ ತಾಡಪಾಲನ್ನು ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಕಟ್ಟಿಕೊಂಡು ಮಂಡಿಗೆ ಹೊರಟರೆ ಲೆಕ್ಕ ಬೇರೆಯಾಗುತ್ತದೆ. ನಿಂತಲ್ಲಿ ಮೂರು ವರ್ಷ ಬಾಳುವ ಹೊದಿಕೆ ರಸ್ತೆಗೆ ಬಿದ್ದರೆ ಒಂದೇ ಸುಗ್ಗಿಗೆ ಚಿಂದಿಯಾಗಬಹುದು. ರಸ್ತೆಯ ಮೇಲೆ ಹೊದಿಕೆಯನ್ನು ಮಳೆಗಿಂತ ಬೇಗ ಕೊಲ್ಲುವುದು ಬಡಿತ. ಅಳತೆ, ಅಂಚು, ಹಗ್ಗದ ಕಣ್ಣು, ಕಟ್ಟು ಈ ನಾಲ್ಕನ್ನು ನೋಡಿ, ದಪ್ಪವನ್ನು ಆಮೇಲೆ ನೋಡುವುದೇ ಸರಿಯಾದ ಕ್ರಮ ಎಂಬುದು ಇಲ್ಲಿಯ ವಾದ.

ಬಡಿತ ಎಂದರೆ ಎಷ್ಟು ಎಂಬುದಕ್ಕೆ ಲೆಕ್ಕವಿದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವ ಟ್ರ್ಯಾಕ್ಟರಿಗೆ ಎದುರಾಗುವ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 4 ಕಿಲೋ ಭಾರದಷ್ಟು ಒತ್ತುತ್ತದೆ. 60ರಲ್ಲಿ ಹೋಗುವ ಲಾರಿಗೆ ಅದು ಸುಮಾರು 17 ಕಿಲೋ. ಎದುರುಗಾಳಿ ಸೇರಿದರೆ ಇನ್ನೂ ಹೆಚ್ಚು. ಈ ಒತ್ತಡ ಒಂದೇ ಸಮನೆ ಇದ್ದಿದ್ದರೆ ತೊಂದರೆ ಇರಲಿಲ್ಲ. ಸಡಿಲವಾಗಿ ಕಟ್ಟಿದ ಹೊದಿಕೆಯ ಅಡಿ ಗಾಳಿ ನುಗ್ಗುತ್ತದೆ, ಉಬ್ಬಿಸುತ್ತದೆ, ಬಿಡುತ್ತದೆ, ಮತ್ತೆ ಉಬ್ಬಿಸುತ್ತದೆ. ಜಗಳೂರಿನಿಂದ ದಾವಣಗೆರೆಗೆ ಹೆಚ್ಚುಕಡಿಮೆ 50 ಕಿಲೋಮೀಟರ್ ದಾರಿ. ಅಷ್ಟು ದೂರದಲ್ಲಿ ಈ ಏಳುಬೀಳು ಸಾವಿರಾರು ಸಲ ನಡೆಯುತ್ತದೆ, ಪ್ರತಿ ಸಲವೂ ಬಟ್ಟೆ ಅದೇ ಮಡಿಕೆಯಲ್ಲಿ ಮಡಚಿಕೊಳ್ಳುತ್ತದೆ, ಅದೇ ಕಬ್ಬಿಣದ ಮೂಲೆಗೆ ಉಜ್ಜುತ್ತದೆ. ನಡುವೆ ಸಿಕ್ಕಿಕೊಂಡ ಕೆಂಪು ಮಣ್ಣಿನ ಧೂಳು ಉಪ್ಪುಕಾಗದದ ಕೆಲಸ ಮಾಡುತ್ತದೆ. ಹರಿದ ಹಳೆಯ ಹೊದಿಕೆಯೊಂದನ್ನು ಬಿಡಿಸಿ ನೋಡಿದರೆ ಸಾಕ್ಷಿ ಅಲ್ಲೇ ಇರುತ್ತದೆ: ನಡುಭಾಗ ಇನ್ನೂ ಗಟ್ಟಿ, ತೂತುಗಳೆಲ್ಲ ಟ್ರೇಲರಿನ ನಾಲ್ಕು ಮೂಲೆ, ಹಿಂದಿನ ಬಾಗಿಲಿನ ಕೀಲು, ಹಗ್ಗ ಕಟ್ಟಿದ ಕಣ್ಣುಗಳ ಸುತ್ತ. ದಪ್ಪವೇ ಮುಖ್ಯವಾಗಿದ್ದರೆ ಎಲ್ಲ ಕಡೆ ಒಂದೇ ಸಮ ಸವೆಯಬೇಕಿತ್ತು.

ಬಡಿತದ ಈ ಲೆಕ್ಕ ಬೇರೆ ಕಡೆಯವರಿಗೂ ಗೊತ್ತು. ಹಿಮ ಬೀಳುವ ದೇಶಗಳಲ್ಲಿ ಸ್ನೋಮೊಬೈಲ್ ಎಂಬ ಹಿಮದ ಬಂಡಿಯನ್ನು ತೆರೆದ ಟ್ರೇಲರ್ ಮೇಲೆ ಹೇರಿಕೊಂಡು ಊರಿಂದೂರಿಗೆ ಒಯ್ಯುತ್ತಾರೆ. ಅಲ್ಲಿ ಮನೆಯಲ್ಲಿ ನಿಲ್ಲಿಸಿದಾಗ ಹೊದಿಸುವ ಕವರ್ ಬೇರೆ, ರಸ್ತೆಯ ಮೇಲೆ ಎಳೆದುಕೊಂಡು ಹೋಗುವಾಗ ಹೊದಿಸುವ ಕವರ್ ಬೇರೆ. ಎರಡನೆಯದು ಗಾಡಿಯ ಮೈಗೆ ಒತ್ತಿ ಕೂರಬೇಕು, ಅಡಿಯಿಂದ ಪಟ್ಟಿ ಬಿಗಿಯಬೇಕು, ಒಳಗೆ ಸೇರಿದ ಗಾಳಿ ಹೊರಗೆ ಹೋಗಲು ದಾರಿ ಇರಬೇಕು. ಸಡಿಲವಾದ ಕವರ್ ತಾನೂ ಹರಿದು, ಗಾಡಿಯ ಬಣ್ಣವನ್ನೂ ಕೆರೆದು ಹಾಕುತ್ತದೆ. ನಮ್ಮಲ್ಲಿ ಸರಕು ಬೇರೆ, ಹವೆ ಬೇರೆ, ಗಾಳಿಯ ನಿಯಮ ಮಾತ್ರ ಅದೇ.

ಮಾರುಕಟ್ಟೆಯಲ್ಲಿ ಸಿಗುವ ಜಾತಿಗಳನ್ನು ಈ ಕಣ್ಣಿನಿಂದ ನೋಡಬೇಕು. ಹೆಚ್ಚು ಕಾಣುವುದು ಎಚ್‌ಡಿಪಿಇ ನೇಯ್ಗೆಯ ತಾಡಪಾಲು. ಪ್ಲಾಸ್ಟಿಕ್ ಪಟ್ಟಿಗಳನ್ನು ಚಾಪೆಯಂತೆ ನೇಯ್ದು, ಎರಡೂ ಮೈಗೆ ತೆಳು ಪದರ ಎರಕ ಹೊಯ್ದಿರುತ್ತಾರೆ. ಇದಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 7903 ಎಂಬ ಮಾನಕವಿದೆ. ಹಗುರ, ಅಗ್ಗ, ನೀರು ಒಳಗೆ ಬಿಡುವುದಿಲ್ಲ. ತೂತು ಬಿದ್ದರೂ ನೇಯ್ಗೆಯ ಪಟ್ಟಿ ಅಡ್ಡ ಬಂದು ಹರಿಯುವುದನ್ನು ಕೊಂಚ ತಡೆಯುತ್ತದೆ. ಆದರೆ ಮೇಲಿನ ಪದರ ಸವೆದ ದಿನದಿಂದ ಅದು ಜರಡಿ. ಸಿಲ್ಪಾಲಿನ್ ಎಂಬ ಹೆಸರಿನಲ್ಲಿ ಜನಕ್ಕೆ ಗೊತ್ತಿರುವುದು ನೇಯ್ಗೆಯದಲ್ಲ. ಬೇರೆ ಬೇರೆ ದಿಕ್ಕಿಗೆ ಎಳೆದ ಹಾಳೆಗಳನ್ನು ಒಂದರ ಮೇಲೊಂದು ಬೆಸೆದದ್ದು. ನೇಯ್ಗೆ ಇಲ್ಲದ್ದರಿಂದ ನೀರು ಜಿನುಗುವ ಸಂದಿಯೇ ಇಲ್ಲ, ಅದೇ ತೂಕದ ನೇಯ್ಗೆಗಿಂತ ಮೆತ್ತಗೆ ಮಡಚುತ್ತದೆ. ಚೂಪಾದ ಕಬ್ಬಿಣಕ್ಕೆ ಉಜ್ಜುವ ಜಾಗದಲ್ಲಿ ಮಾತ್ರ ಇದಕ್ಕೂ ಅಡಿಗೊಂದು ಗೋಣಿ ತುಂಡು ಬೇಕು. ಲಾರಿಯವರು ಮೆಚ್ಚುವ ಪಿವಿಸಿ ಲೇಪದ ಬಟ್ಟೆ ಮೂರನೆಯದು. ಚದರ ಮೀಟರಿಗೆ 500ರಿಂದ 700 ಗ್ರಾಂ ತೂಗುವ ಇದು ಬಡಿತಕ್ಕೆ ಬಗ್ಗುವುದು ಕಡಿಮೆ, ಹರಿದರೆ ಬಿಸಿಗಾಳಿಯಿಂದಲೋ ಅಂಟಿನಿಂದಲೋ ತೇಪೆ ಕೂರುತ್ತದೆ. ಆದರೆ 12×15 ಅಡಿಯದೊಂದು ಹತ್ತು ಕಿಲೋದ ಆಸುಪಾಸು ತೂಗುತ್ತದೆ, ಒಬ್ಬನೇ ರಾಶಿಯ ಮೇಲೆ ಹತ್ತಿ ಎಳೆದು ಹೊದಿಸುವುದು ಸುಲಭವಲ್ಲ. ಇನ್ನು ಹತ್ತಿಯ ಕ್ಯಾನ್ವಾಸ್. ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯ ಸುತ್ತಲೇ ಈಗ ಅದನ್ನು ಹುಡುಕಬೇಕಾಗಿದೆ ಎನ್ನುವುದು ಬೇರೆ ಮಾತು. ಅದು ಉಸಿರಾಡುತ್ತದೆ, ಗಾಳಿಗೆ ಪಟಪಟ ಎನ್ನದೆ ಭಾರವಾಗಿ ಕೂರುತ್ತದೆ. ನೆನೆದದ್ದನ್ನು ಹಾಗೇ ಮಡಚಿಟ್ಟರೆ ಮಾತ್ರ ಕೆಲವೇ ದಿನಗಳಲ್ಲಿ ಬೂಸಲು ಹಿಡಿದು ಕೊಳೆಯುತ್ತದೆ.

ಬೆಳೆಯನ್ನು ಬಿಟ್ಟು ಹೊದಿಕೆಯ ಮಾತಾಡುವುದು ಅರ್ಧ ಮಾತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಬಹಳ ಆಮೇಲೆ ಹೊನ್ನಾಳಿಯಿಂದ ಒಡೆದು ತಾಲ್ಲೂಕಾಯಿತು. ಒಂದೇ ಜಿಲ್ಲೆ ಎನ್ನಿಸಿಕೊಂಡರೂ ನೆಲ, ನೀರು, ಸರಕು ಬೇರೆ ಬೇರೆ. ಚನ್ನಗಿರಿಯಲ್ಲಿ ಅಡಿಕೆ. ತೋಟದಿಂದ ಹಸಿ ಗೊನೆ ಬರುವಾಗ ಹೊದಿಕೆಯ ಅಗತ್ಯವೇ ಅಷ್ಟಿಲ್ಲ. ಸುಲಿದು, ಬೇಯಿಸಿ, ಚೊಗರಿನ ಬಣ್ಣ ಕೂತು, ಒಣಗಿ ಗಲಗಲ ಎನ್ನುವ ಕೆಂಪಡಿಕೆ ಚೀಲ ತುಂಬಿ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ತುಮ್ಕೋಸ್‌ಗೋ ಶಿವಮೊಗ್ಗದ ಮಂಡಿಗೋ ಹೊರಟಾಗ ಅದರ ಮೇಲೆ ಒಂದು ಹನಿ ಬಿದ್ದರೂ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ರೇಟು ಕೆಡುತ್ತದೆ. ಕ್ವಿಂಟಲಿಗೆ ಹತ್ತಾರು ಸಾವಿರ ಬೆಲೆಯ ಸರಕಿನ ಮೇಲೆ ಹೊದಿಕೆಯ ದುಡ್ಡು ಉಳಿಸಲು ಹೋಗುವುದು ಲೆಕ್ಕ ಬಾರದವರ ಕೆಲಸ. ಇಲ್ಲಿ ಚನ್ನಗಿರಿಯವರು ಪಿವಿಸಿಯನ್ನೇ ಕೊಳ್ಳಲಿ ಎನ್ನಬಹುದು. ಹೊನ್ನಾಳಿ, ನ್ಯಾಮತಿಯಲ್ಲಿ ಭತ್ತ ಮತ್ತು ಮೆಕ್ಕೆಜೋಳ. ಎರಡೂ ಬಿಡಿ ಕಾಳು, ಚೀಲವಿಲ್ಲದೆ ಟ್ರೇಲರಿಗೆ ಸುರಿಯುವುದೂ ಉಂಟು. ಆಗ ಹೊದಿಕೆ ಮಳೆ ತಡೆದರೆ ಸಾಲದು, ಕಾಳು ಹಾರದಂತೆಯೂ ಒತ್ತಿ ಹಿಡಿಯಬೇಕು. ತುಂಗಭದ್ರೆಯ ದಡದಿಂದ ಮರಳು ಹೇರುವ ಗಾಡಿಗಳೂ ಇವೇ ರಸ್ತೆಗಳಲ್ಲಿ ಓಡುತ್ತವೆ. ಮರಳಿಗೆ ಹೊದಿಸಿದ್ದನ್ನೇ ಕೊಡವಿ ಭತ್ತಕ್ಕೆ ಹೊದಿಸುವ ಅಭ್ಯಾಸ ಬಿಡುವುದು ಒಳ್ಳೆಯದು, ನೇಯ್ಗೆಯಲ್ಲಿ ಕೂತ ಮರಳು ಪೂರ್ತಿ ಉದುರುವುದಿಲ್ಲ.

ಜಗಳೂರಿನ ಈರುಳ್ಳಿ ಈ ಎಲ್ಲ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಈರುಳ್ಳಿ ಉಸಿರಾಡುವ ಸರಕು, ಕಿತ್ತ ಮೇಲೂ ಬಿಸಿ ಮತ್ತು ತೇವ ಬಿಡುತ್ತಲೇ ಇರುತ್ತದೆ. ನಾಲ್ಕೂ ಕಡೆ ಪ್ಲಾಸ್ಟಿಕ್ ಬಿಗಿದು ಬಿಸಿಲಲ್ಲಿ ಓಡಿಸಿದರೆ ಒಳಮೈಯಲ್ಲಿ ಬೆವರು ಕಟ್ಟಿ, ಮೇಲಿನ ಸಾಲಿನ ಚೀಲಗಳ ಮೇಲೆ ಹನಿಯುತ್ತದೆ. ಬೆಂಗಳೂರಿನ ಯಶವಂತಪುರ ಮುಟ್ಟುವಷ್ಟರಲ್ಲಿ ಮೇಲಿನ ಸಾಲು ಮೆತ್ತಗಾಗಿರುತ್ತದೆ. ಮಳೆಯಿಂದ ಕಾಪಾಡಲು ಹೋಗಿ ನಾವೇ ಒಳಗೆ ಮಳೆ ಸುರಿಸಿದಂತೆ. ಇದಕ್ಕೆ ನೆತ್ತಿಗೆ ಮಾತ್ರ ಹೊದಿಕೆ, ಪಕ್ಕಗಳಲ್ಲಿ ಒಂದು ಅಡಿ ಇಳಿಬಿಟ್ಟು ಕೆಳಗೆಲ್ಲ ಗಾಳಿಗೆ ಬಿಡುವುದೇ ಸರಿ. ಹಾಗೆ ಬಿಟ್ಟಾಗ ಅಂಚು ಬಡಿಯದಂತೆ ಮೇಲೊಂದು ಹಗ್ಗದ ಬಲೆ ಎಳೆಯಬೇಕು. ಪೂರ್ತಿ ಒಣಗದ ಮೆಕ್ಕೆಜೋಳಕ್ಕೂ ಇದೇ ಅಪಾಯ. ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇ. 14ರ ಒಳಗಿರಬೇಕು. 18, 20 ಇರುವ ಕಾಳನ್ನು ರಾತ್ರಿಯಿಡೀ ಪ್ಲಾಸ್ಟಿಕ್ಕಿನ ಅಡಿ ಬೇಯಲು ಬಿಟ್ಟರೆ ಬೂಸಲು ಬರುತ್ತದೆ. ಆ ಬೂಸಲಿನಲ್ಲೇ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುವುದು.

ಇನ್ನು ಅಳತೆ. ಕೃಷಿ ಇಲಾಖೆ ರೈತ ಸಂಪರ್ಕ ಕೇಂದ್ರಗಳ ಮೂಲಕ ಸಹಾಯಧನದಲ್ಲಿ ತಾಡಪಾಲು ಕೊಡುತ್ತದೆ, ಸಾಮಾನ್ಯ ವರ್ಗದವರಿಗೆ ಅರ್ಧ ಬೆಲೆಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 90 ರಿಯಾಯಿತಿಯಲ್ಲಿ. ಯೋಜನೆ ಒಳ್ಳೆಯದು, ಅದರಿಂದ ಎಷ್ಟೋ ರಾಶಿಗಳು ಉಳಿದಿವೆ. ಆದರೆ ಅಲ್ಲಿ ಸಿಗುವ 8×6 ಮೀಟರ್ ಅಳತೆ ಕಣಕ್ಕೆ ಹೇಳಿ ಮಾಡಿಸಿದ್ದು. ಅಡಿಯಲ್ಲಿ ಹೇಳುವುದಾದರೆ ಸುಮಾರು 26×20. ಹತ್ತು, ಹನ್ನೊಂದು ಅಡಿ ಉದ್ದ, ಆರು ಅಡಿ ಅಗಲದ ಟ್ರೇಲರಿಗೆ ಬೇಕಾದದ್ದು ಉಬ್ಬಿದ ರಾಶಿ ಮತ್ತು ಪಕ್ಕದ ಇಳಿಜಾರು ಸೇರಿಸಿದರೂ 12×15 ಅಡಿ, ಹೆಚ್ಚೆಂದರೆ 12×18. ಉಳಿದ ಬಟ್ಟೆಯನ್ನು ಏನು ಮಾಡುವುದು? ಹಿಂದೆ ಗಂಟು ಕಟ್ಟಿ ತೂಗಬಿಡುತ್ತಾರೆ, ಇಲ್ಲವೇ ಪಕ್ಕಕ್ಕೆ ಸಿಕ್ಕಿಸುತ್ತಾರೆ. ಗಾಳಿ ಹಿಡಿಯುವುದು ಮೊದಲು ಅದನ್ನೇ. ಹೆಚ್ಚುವರಿ ಬಟ್ಟೆ ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಕಣದಲ್ಲಿ ನಿಜ, ರಸ್ತೆಯಲ್ಲಿ ಸುಳ್ಳು. ಬೇರೆ ಕೊಳ್ಳಲು ಕೈ ಇಲ್ಲದವರು ಅದನ್ನು 26 ಅಡಿಯ ಬದಿಯಲ್ಲಿ ಸರಿಯಾಗಿ ಅರ್ಧಕ್ಕೆ ಮಡಚಿದರೆ 13×20 ಅಡಿಯ ಜೋಡಿ ಪದರ ಸಿಗುತ್ತದೆ. ಮಡಿಕೆಯ ಅಂಚನ್ನು ಟ್ರೇಲರಿನ ಒಂದು ಪಕ್ಕಕ್ಕೆ ಇಟ್ಟು, ಉಳಿದ ಉದ್ದವನ್ನು ಮುಂದೆ ಸರಕಿನ ಅಡಿಗೇ ಸಿಕ್ಕಿಸಿದರೆ ಕೆಲಸ ನಡೆಯುತ್ತದೆ. ಇದು ತಾತ್ಕಾಲಿಕ ಉಪಾಯ ಮಾತ್ರ.

ಅಂಗಡಿಯಲ್ಲಿ ನೋಡಬೇಕಾದ್ದು ಮೂಲೆಯಿಂದ ಶುರುವಾಗಬೇಕು. ಅಂಚನ್ನು ಮಡಚಿ ಒಳಗೆ ಹಗ್ಗ ಓಡಿಸಿ ಬೆಸೆದಿದ್ದಾರೋ, ಬರೀ ಮಡಚಿ ಅಂಟಿಸಿದ್ದಾರೋ ಎಂಬುದು ಬೆರಳಿನಲ್ಲಿ ಒತ್ತಿದರೆ ತಿಳಿಯುತ್ತದೆ. ಒಳಗೆ ಹಗ್ಗ ಓಡಿದ್ದರೆ ಒಂದು ಕಣ್ಣಿನ ಎಳೆತ ಇಡೀ ಅಂಚಿಗೆ ಹಂಚಿಹೋಗುತ್ತದೆ, ಇಲ್ಲದಿದ್ದರೆ ಆ ಕಣ್ಣೊಂದೇ ಎಳೆತವನ್ನೆಲ್ಲ ತಡೆಯಬೇಕು. ಕಣ್ಣುಗಳು ಮೂರಡಿಗೊಂದಾದರೂ ಇರಬೇಕು, ಟ್ರೇಲರಿಗಾದರೆ ಎರಡಡಿಗೊಂದು ಇದ್ದರೆ ಇನ್ನೂ ಮೇಲು. ಹೆಬ್ಬೆರಳು ತೂರಿಸಿ ತಿರುಗಿಸಿದಾಗ ಕಣ್ಣಿನ ಉಂಗುರ ತಾನೂ ತಿರುಗಿದರೆ ಅದು ಬಟ್ಟೆಯನ್ನು ಕಚ್ಚಿಲ್ಲ, ಮೊದಲ ಸುಗ್ಗಿಗೇ ಉದುರುತ್ತದೆ. ಮೂಲೆಗೆ ಇನ್ನೊಂದು ಪದರ ಕೊಟ್ಟಿರಬೇಕು. ಹಾಳೆಯನ್ನು ಸೂರ್ಯನಿಗೆ ಹಿಡಿದರೆ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆ ಕಾಣಬಾರದು. ಉಗುರಿನಿಂದ ಕೆರೆದಾಗ ಮೇಲ್ಪದರ ಹಪ್ಪಳ ಎದ್ದರೆ ಅಲ್ಲಿಗೇ ಮಡಚಿ ವಾಪಸ್ ಕೊಡಬೇಕು.

ಆಮೇಲೆ ದಪ್ಪ, ಅಂದರೆ ಜಿಎಸ್‌ಎಂ, ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ. ಚೀಟಿಯ ಮೇಲಿನ ಅಂಕಿಯನ್ನು ನಂಬುವ ಗೊಡವೆಯೇ ಬೇಡ, ತಕ್ಕಡಿ ಇದೆ. ಉದ್ದ ಅಗಲಗಳನ್ನು ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು ಜಿಎಸ್‌ಎಂನಿಂದ ಗುಣಿಸಿ, 10,760ರಿಂದ ಭಾಗಿಸಿದರೆ ಕಿಲೋ ಲೆಕ್ಕ ಸಿಗುತ್ತದೆ. 12×15 ಅಡಿಯ 250 ಜಿಎಸ್‌ಎಂ ತಾಡಪಾಲು 4 ಕಿಲೋಗೆ ಸ್ವಲ್ಪ ಮೇಲೆ ತೂಗಬೇಕು, 18×24 ಅಡಿಯದು 10 ಕಿಲೋ. 12×15ರದ್ದು ಎರಡೇ ಕಿಲೋ ತೂಗಿದರೆ ನಿಮ್ಮ ಕೈಯಲ್ಲಿರುವುದು 120ರ ಮಾಲು, ಚೀಟಿಯಲ್ಲಿ ಏನೇ ಬರೆದಿರಲಿ. ಅಳತೆಯನ್ನೂ ಟೇಪು ಹಿಡಿದೇ ನೋಡಬೇಕು. ಅಂಚು ಮಡಚುವ ಮೊದಲಿನ ಅಳತೆಯನ್ನೇ ಹೇಳಿ ಮಾರುವವರಿದ್ದಾರೆ, ನಾಲ್ಕೂ ಕಡೆ ಮಡಚಿದ ಮೇಲೆ ಅರ್ಧ ಅಡಿ ಮಾಯವಾಗಿರುತ್ತದೆ.

ತೂಕವೇ ಕೊನೆಯ ಮಾತಾಗಿದ್ದರೆ ಈ ಚರ್ಚೆ ಇಲ್ಲಿಗೇ ಮುಗಿಯುತ್ತಿತ್ತು. ದಪ್ಪದ ಪರ ವಾದಿಸುವವರು ಹೇಳುವುದೂ ಅದನ್ನೇ: ಭಾರದ್ದನ್ನು ಕೊಂಡರೆ ಬಾಳಿಕೆ ತಾನಾಗಿ ಬರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಪ್ಲಾಸ್ಟಿಕ್ಕಿಗೆ ಸುಣ್ಣಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟ್ ಬೆರೆಸಿದರೆ ತೂಕ ಬರುತ್ತದೆ, ಗಟ್ಟಿತನ ಬರುವುದಿಲ್ಲ. ಅಂಥದ್ದನ್ನು ಒಮ್ಮೆ ಚೂಪಾಗಿ ಮಡಚಿ ಬಿಡಿಸಿದರೆ ಮಡಿಕೆಯ ಗೆರೆ ಬೆಳ್ಳಗೆ ಬಿರಿದು ನಿಲ್ಲುತ್ತದೆ. ಇನ್ನೊಂದು ಸೂರ್ಯನ ವಿಚಾರ. ಬಿಸಿಲಿನ ಅತಿನೇರಳೆ ಕಿರಣ ಪಾಲಿಥಿನ್‌ನ ಉದ್ದನೆಯ ಸರಪಳಿಗಳನ್ನು ಕಡಿಯುತ್ತ ಹೋಗುತ್ತದೆ. ತಡೆಯುವ ರಾಸಾಯನಿಕ ಬೆರೆಸಿಲ್ಲದಿದ್ದರೆ ಎಷ್ಟೇ ದಪ್ಪನೆಯದಾದರೂ ಕೈಯಲ್ಲಿ ಉಜ್ಜಿದರೆ ಪುಡಿಯಾಗುವ ದಿನ ಬರುತ್ತದೆ. ಆ ಪುಡಿ ಕಾಳಿನಲ್ಲಿ ಬೆರೆತು ಹೋಗುವುದು ಮತ್ತೊಂದು ಕೇಡು. ಕಪ್ಪು ಬಣ್ಣಕ್ಕೆ ಬಳಸುವ ಇಂಗಾಲದ ಮಸಿ ಈ ಕಿರಣಗಳನ್ನು ತಡೆಯುವುದರಲ್ಲಿ ಅಗ್ಗದ, ನಂಬಿಕೆಯ ವಸ್ತು. ಆದ್ದರಿಂದ ಒಂದು ಮೈ ಕಪ್ಪು, ಇನ್ನೊಂದು ಬೆಳ್ಳಿ ಬಣ್ಣದ್ದನ್ನು ಕೊಂಡು, ಬಿಸಿಲಿಗೆ ಬೆಳ್ಳಿಯ ಮೈ ಮಾಡಿದರೆ ಒಳಗಿನ ಸರಕೂ ತಂಪು, ಹೊದಿಕೆಯ ಆಯುಸ್ಸೂ ಹೆಚ್ಚು. ಅಗ್ಗದ ತಿಳಿನೀಲಿಯದು ನೋಡಲು ಚೆಂದ, ಅಷ್ಟೇ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ವರ್ಷಕ್ಕೆ ನಾಲ್ಕೈದು ಸಲ ಮಂಡಿಗೆ ಹೋಗುವ ಸಣ್ಣ ರೈತ ಟ್ರೇಲರಿಗೆಂದೇ ಬೇರೆ ತಾಡಪಾಲು ಏಕೆ ಕೊಳ್ಳಬೇಕು, ಅಗ್ಗದ್ದನ್ನು ವರ್ಷಕ್ಕೊಂದು ತಂದರಾಯಿತಲ್ಲ? ಲೆಕ್ಕ ಹಾಕಿ ನೋಡೋಣ. 2025–26ರ ಸಾಲಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. 40 ಕ್ವಿಂಟಲ್ ಹೇರಿದ ಒಂದು ಟ್ರೇಲರ್ ಎಂದರೆ 96 ಸಾವಿರ ರೂಪಾಯಿಯ ಮಾಲು. ದಾರಿಯಲ್ಲಿ ಹೊದಿಕೆ ಬಾಯಿಬಿಟ್ಟು, ನೆನೆದ ಕಾಳಿಗೆ ವರ್ತಕರು ಕ್ವಿಂಟಲಿಗೆ ನೂರು ರೂಪಾಯಿ ಮುರಿದುಕೊಂಡರು ಎಂದಿಟ್ಟುಕೊಂಡರೂ ಒಂದೇ ಟ್ರಿಪ್ಪಿಗೆ ನಾಲ್ಕು ಸಾವಿರ ಹೋಯಿತು. ಒಳ್ಳೆಯ ಹೊದಿಕೆಗೂ ಅಗ್ಗದ್ದಕ್ಕೂ ಇರುವ ವ್ಯತ್ಯಾಸ ಅದರ ಹತ್ತಿರಕ್ಕೂ ಬರುವುದಿಲ್ಲ. ಸ್ವಂತ ಟ್ರ್ಯಾಕ್ಟರ್ ಇಲ್ಲದೆ ಬಾಡಿಗೆಗೆ ಹೇರುವವರ ಮಟ್ಟಿಗೆ ಮಾತ್ರ ಈ ಆಕ್ಷೇಪ ನಿಲ್ಲುತ್ತದೆ. ಅವರ ಪಾಲಿಗೆ ಬೇರೆ ಬೇರೆ ಅಳತೆಯ ಟ್ರೇಲರುಗಳಿಗೆ ಒಂದೇ ಹೊದಿಕೆ ಹೊಂದುವುದಿಲ್ಲ. ಟ್ರೇಲರಿನ ಮಾಲೀಕರೇ ತಮ್ಮ ಗಾಡಿಯ ಅಳತೆಗೆ ಹೊಲಿಸಿದ ಹೊದಿಕೆ ಇಟ್ಟುಕೊಂಡು, ಬೇಕಾದರೆ ಬಾಡಿಗೆಯಲ್ಲಿ ಐವತ್ತು ರೂಪಾಯಿ ಸೇರಿಸಿಕೊಳ್ಳಲಿ. ವರ್ಷಪೂರ್ತಿ ಓಡುವ ಗಾಡಿಗೆ ಅದು ಭಾರವಲ್ಲ.

ಒಳ್ಳೆಯದನ್ನು ತಂದು ಕೆಟ್ಟದಾಗಿ ಕಟ್ಟಿದರೆ ಬಂದ ಲಾಭವೆಲ್ಲ ಗಾಳಿಗೆ. ಮೊದಲು ಮುಂಭಾಗ, ಎಂಜಿನ್ ಕಡೆಯ ಅಂಚು. ಅದನ್ನು ಸಾಧ್ಯವಾದಷ್ಟು ಕೆಳಗೆ ಇಳಿಸಿ ಒಳಗೆ ಮಡಚಿ ಬಿಗಿಯಬೇಕು, ಗಾಳಿ ನುಗ್ಗುವ ಬಾಯಿ ಅದೇ. ಎರಡು ತಾಡಪಾಲು ಜೋಡಿಸುವುದಾದರೆ ಹಿಂದಿನದನ್ನು ಮೊದಲು ಹಾಸಿ, ಮುಂದಿನದರ ಅಂಚು ಅದರ ಮೇಲೆ ಬರುವಂತೆ ಹೆಂಚು ಹೊದಿಸಿದ ಹಾಗೆ ಹೊದಿಸಬೇಕು. ಕಣ್ಣಿಗೆ ನೇರವಾಗಿ ಹಗ್ಗ ಬಿಗಿಯುವ ಬದಲು ಹಳೆಯ ಟ್ಯೂಬಿನ ರಬ್ಬರ್ ಪಟ್ಟಿಯೊಂದನ್ನು ನಡುವೆ ಕೊಟ್ಟರೆ ಹಳ್ಳ ಹತ್ತಿಳಿಯುವಾಗಿನ ಎಳೆತವನ್ನು ರಬ್ಬರ್ ನುಂಗುತ್ತದೆ. ನಮ್ಮ ಹಳ್ಳಿಗಳಲ್ಲಿ ಬಹಳ ಹಿಂದಿನಿಂದಲೂ ಇರುವ ಈ ಉಪಾಯಕ್ಕೆ ಅಂಗಡಿಯ ಯಾವ ಕೊಕ್ಕೆಯೂ ಸಮನಲ್ಲ. ಟ್ರೇಲರಿನ ಮೂಲೆಗಳಿಗೆ ಗೋಣಿ ಸುತ್ತುವುದು, ನಡುವೆ ಎರಡು ಅಡ್ಡಹಗ್ಗ ಹಾಯಿಸುವುದು, ನಾಲ್ಕು ಮೈಲಿ ಹೋದ ಮೇಲೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯುವುದು ಇವೆಲ್ಲ ಗೊತ್ತಿದ್ದದ್ದೇ, ಮಾಡುವವರು ಕಡಿಮೆ. ಸರಕು ಅಲುಗಾಡಿ ಕೂತಂತೆ ರಾಶಿಯ ಎತ್ತರ ಇಳಿಯುತ್ತದೆ, ಹಗ್ಗ ಸಡಿಲವಾಗುತ್ತದೆ. ಹರಿದಾಗ ಪಂಕ್ಚರ್ ಸೊಲ್ಯೂಷನ್ ಹಚ್ಚಿ ತೇಪೆ ಹಾಕುವುದು ಎಚ್‌ಡಿಪಿಇ ಮೇಲೆ ನಿಲ್ಲುವುದಿಲ್ಲ, ಆ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದೇ ಕಡಿಮೆ. ಹೊಲಿದು ಮೇಲೆ ಟೇಪು ಹಾಕಬೇಕು, ಇಲ್ಲವೇ ಬಿಸಿಯಲ್ಲಿ ಬೆಸೆಯಬೇಕು. ಸುಗ್ಗಿ ಮುಗಿದ ಮೇಲೆ ಒಣಗಿಸಿ, ಕಾಳೆಲ್ಲ ಕೊಡವಿ ಮಡಚಿಡಿ. ಮಡಿಕೆಯಲ್ಲಿ ಉಳಿದ ಹಿಡಿ ಮೆಕ್ಕೆಜೋಳಕ್ಕೆ ಬಂದ ಇಲಿ ತಾಡಪಾಲನ್ನೂ ಬಿಡುವುದಿಲ್ಲ.

ಸರ್ಕಾರದ ಪಾಲಿನ ಕೆಲಸವೂ ಒಂದಿದೆ. ಕಣದ ಅಳತೆಯ ತಾಡಪಾಲಿಗೆ ಸಿಗುವ ಸಹಾಯಧನ ಟ್ರೇಲರ್ ಅಳತೆಯದಕ್ಕೂ ಸಿಗಬೇಕು. 12×15 ಮತ್ತು 12×18 ಅಡಿಯಲ್ಲಿ, ಎರಡಡಿಗೊಂದು ಕಣ್ಣು, ಅಂಚಿನಲ್ಲಿ ಹಗ್ಗ, ಒಂದು ಮೈ ಕಪ್ಪು ಎಂದು ಟೆಂಡರಿನಲ್ಲೇ ಬರೆದರೆ ಸಾಕು. 48 ಚದರ ಮೀಟರಿನ ಒಂದು ಹಾಳೆಗೆ ಹೋಗುವ ಪ್ಲಾಸ್ಟಿಕ್ಕಿನಲ್ಲಿ 12×15 ಅಡಿಯವು ಎರಡು ಆಗಿ ಮಿಗುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಬರೆಯುವಾಗ ಈ ಅಳತೆಯನ್ನೂ ಕೇಳಿ ಬರೆಯಿರಿ, ಕೇಳುವವರು ಹೆಚ್ಚಾದರೆ ಮುಂದಿನ ಟೆಂಡರಿನಲ್ಲಾದರೂ ಅದು ಸೇರೀತು.